ಏಳು ಸುತ್ತು

ಸ್ಟೀರಿಯೋ ಬದಲಿಸಬೇಕು ಅಂದಾಗ
ಮನೆಯವರು ಪೇಪರಿನಿಂದ ತಲೆ ಎತ್ತದೆ ಕೇಳಿದರು:
ಕಾರಿಗೆ ಸ್ಟೀರಿಯೋ ಹಾಕಿಸ್ತೀಯೋ,
ಸ್ಟೀರಿಯೋಗೆ ಕಾರು ಹಾಕಿಸ್ತೀಯೋ?

ತೊಂಬತ್ತೊಂಬತ್ತರ ಝೆನ್. ಆರ್‌ಸಿ ಪುಸ್ತಕದಲ್ಲಿ ಬೆಳ್ಳಿ ಬಣ್ಣ,
ಕಣ್ಣಿಗೆ ತಳ ಸೀದ ಡಬರಿ.
ನಮ್ಮ ಲ್ಯಾಬಿನ ಡಾಕ್ಟರ್ ಫಿಲೋಮಿನಾ ಕಂತಿನಲ್ಲಿ ಕೊಟ್ಟಿದ್ದು.
ರೇಡಿಯೋ ಕಾರ್ಪೊರೇಷನ್ ಹತ್ತಿರ ಕನ್ನಡ,
ರಿಚ್ಮಂಡ್ ಸರ್ಕಲ್ ದಾಟಿದರೆ ಗೊರಗೊರ.
ಬಲಗಡೆ ಸ್ಪೀಕರಿಗೆ ಮೊದಲಿನಿಂದಲೂ ಮೌನವ್ರತ.
ಹತ್ತು ವರ್ಷ ಎಡಗಿವಿಯಲ್ಲೇ ಕೇಳಿದ್ದೇನೆ
ವಾರ್ತೆ, ಕ್ರಿಕೆಟ್ಟು, ವೀಣೆ, ಎಲ್ಲ.

ಶನಿವಾರ ಡ್ಯೂಟಿ ಮುಗಿಸಿ ಜೆ.ಸಿ. ರಸ್ತೆ.
ಸೀಟ್ ಕವರುಗಳ ತೋರಣ, ಹಾರನ್ನುಗಳ ಗುಡ್ಡೆ.
ನಿಧಾನ ಮಾಡಿದರೆ ಸಾಕು, ನಾಲ್ಕು ಹುಡುಗರು
ಬಾನೆಟ್ಟಿಗೆ ಕೈಯೂರಿ:
ಮ್ಯಾಟಾ ಮೇಡಂ? ಫಿಲ್ಮಾ? ರಿವರ್ಸ್ ಕ್ಯಾಮೆರಾ?
ಹಿಂದೆ ನೋಡೋಕೆ ನನಗೆ ಕ್ಯಾಮೆರಾ ಬೇಡಪ್ಪ ಅಂದೆ.
ಯಾರೂ ನಗಲಿಲ್ಲ.

ಮುನೀರನ ಅಂಗಡಿ ಅಂದರೆ ಒಂದು ಮೆಟ್ಟಿಲು, ಒಂದು ಸ್ಟೂಲು.
ಸ್ಟೂಲು ಗಿರಾಕಿಗೆ.
ಅವನ ತಲೆ ನನ್ನ ಕ್ಲಚ್ಚಿನ ಕೆಳಗೆ, ಕಾಲು ಬೀದಿಯಲ್ಲಿ,
ಹಲ್ಲಲ್ಲಿ ಟೆಸ್ಟರು ಕಚ್ಚಿಕೊಂಡೇ ಮಾತು.

ದಿನಾ ನೂರು ಜನರ ರಕ್ತ ನೋಡುವವಳು ನಾನು,
ಡ್ಯಾಶ್‌ಬೋರ್ಡಿನ ಆ ಖಾಲಿ ಚೌಕದೊಳಗೆ ನೋಡಲು
ಯಾಕೋ ನಾಚಿಕೆಯಾಯಿತು.
ಉದುರಿದವು: ಒಂದು ನಾಲ್ಕಾಣೆ,
ಎರಡು ರೂಪಾಯಿಯ ಪಾರ್ಕಿಂಗ್ ಚೀಟಿ,
ಅರ್ಧ ಖಾಲಿಯಾದ ಬಿಂದಿ ಹಾಳೆ.
ಡಾಕ್ಟರ್ ಫಿಲೋಮಿನಾ ಬಿಂದಿ ಇಟ್ಟಿದ್ದು ನಾನು ಕಂಡಿಲ್ಲ.
ಇರಲಿ.

ಆಮೇಲೆ ವೈರುಗಳು, ಒತ್ತಿದ ಶಾವಿಗೆಯ ಹಾಗೆ ಇಳಿಬಿದ್ದು.
"ಎಷ್ಟು ಜನ ಕೈ ಹಾಕವ್ರೆ ಮೇಡಂ ಇದ್ರೊಳಗೆ!"
ಬೈಯುತ್ತ ಕತ್ತರಿಸಿದ.
ಇವ್ನು ಗಾಯದ ಪಟ್ಟಿ ಸುತ್ತವ್ನೆ.
ಇವ್ನು ಬೆಂಕಿಪೊಟ್ಣದ ರಟ್ಟು ಇಟ್ಟವ್ನೆ, ಪುಣ್ಯಾತ್ಮ.
ಇವ್ನು ಬರೀ ತಿರುಚಿ ಬಿಟ್ಟವ್ನೆ, ಮೈಗಳ್ಳ,
ನಿಮ್ ಬಲಗಡೆ ಸ್ಪೀಕರ್ ಸತ್ತಿಲ್ಲ ಮೇಡಂ, ಇವ್ನ ಕೆಲ್ಸ ಇದು.

ಇಕ್ಕಳ ನಿಂತಿತು.
ಹೊರಗೆ ಬಂದ. ಟೆಸ್ಟರು ಬಾಯಿಂದ ತೆಗೆದ.
ನನ್ನ ಕೈಗೆ ಟಾರ್ಚು ಕೊಟ್ಟು ತೋರಿಸಿದ:
ಎರಡು ತಂತಿ ಜಡೆಯ ಹಾಗೆ ಹೆಣೆದು
ಮೇಲೆ ಹೂ ಕಟ್ಟುವ ದಾರ, ಏಳು ಸುತ್ತು,
ಅದರ ಮೇಲೆ ಒಂದು ಹನಿ ಅರಗು.

"ಗಫಾರ್ ಉಸ್ತಾದ್," ಅಂದ,
ಅವರು ರಸ್ತೆ ದಾಟಿ ಬರುತ್ತಿದ್ದಾರೇನೋ ಅನ್ನುವಂತೆ.

ಟೇಪು ಎಲ್ಲರೂ ಸುತ್ತುತ್ತಾರಂತೆ, ಬಿಸಿಲಿಗೆ ಅಂಟು ಬಿಡುತ್ತಂತೆ.
ದಾರ ಅವರೊಬ್ಬರದೇ. ಶಿವಾಜಿ ಟಾಕೀಸಿನ ಮುಂದೆ
ಹೂವಿನವಳ ಹತ್ತಿರ ಉಂಡೆ ಉಂಡೆ ಕೊಳ್ಳುತ್ತಿದ್ದರಂತೆ.
ಏಳು ಸುತ್ತು ಸರಿಯಾಗಿ ಕೂರುವ ತನಕ
ಹಾಡು ಹಾಕಿ ನೋಡಲು ಬಿಡಲಿಲ್ಲವಂತೆ;
ಎಂಟು ತಿಂಗಳು ಮೂಕ ಡಬ್ಬಿಗಳನ್ನೇ ಜೋಡಿಸಿದನಂತೆ ಮುನೀರ.

ಈಗ?
ಗೋರಿಪಾಳ್ಯದಲ್ಲವ್ರೆ, ಮಗಳ ಮನೆ. ಕಿವಿ ಪೂರಾ ಹೋಗದೆ.

ಫೋನು ಹಚ್ಚಿ ಕ್ಯಾಮೆರಾವನ್ನು ಗಂಟಿನ ಹತ್ತಿರ ಹಿಡಿದ.
ಪರದೆಯ ತುಂಬ ಒಂದು ಬಿಳಿ ಗಡ್ಡ, ಆಮೇಲೆ ಒಂದು ಕಣ್ಣು.
ತುಂಬ ಹೊತ್ತು.
ಆಮೇಲೆ ಒಂದು ಕೈಯ ಐದು ಬೆರಳು, ಇನ್ನೊಂದರ ಎರಡು.

ಗಂಟಿಗೆ ಒಂದು ಗೇಣು ಆಚೆ ಹೊಸ ವೈರು ಕೂಡಿಸಿದ.
ಸ್ಪೀಕರಿನ ರಿಪೇರಿಗೆ ದುಡ್ಡು ಹಿಡಿಯಲಿಲ್ಲ.
ಹೊಸ ಡಬ್ಬಿ ಒಳಗೆ ಹೋಯಿತು, ನೀಲಿ ಬೆಳಕು ಬಂತು,
ಯಾವಳೋ ಹೆಂಗಸು ನನ್ನದೇ ಕಾರಿಗೆ
ನನ್ನನ್ನು ಇಂಗ್ಲಿಷಿನಲ್ಲಿ ಸ್ವಾಗತಿಸಿದಳು.

ಟೌನ್ ಹಾಲ್ ಸಿಗ್ನಲ್ಲಿನಲ್ಲಿ ಜೋರು ಮಾಡಿದೆ.
ಮೃದಂಗ ಬಿದ್ದಿದ್ದೇ ತಡ, ಬಾಗಿಲು ಹೂಂಗುಟ್ಟಿತು,
ಹಿಂದಿನ ಗಾಜು ತಾಳ ತಪ್ಪಿ ತಟ್ಟಿತು,
ಇಷ್ಟು ವರ್ಷ ಗೊರಗೊರದಲ್ಲಿ ಅಡಗಿದ್ದ ಸಡಿಲ ಸ್ಕ್ರೂಗಳು
ಒಂದೊಂದಾಗಿ ಹಾಜರಿ ಹೇಳಿದವು.
ಬಲಗಿವಿ ಹೊಸದಾಗಿ ಊರಿಗೆ ಬಂದವರ ಹಾಗೆ
ಎಲ್ಲದಕ್ಕೂ ಬೆಚ್ಚುತ್ತಿತ್ತು.

ಗಡಿಯಾರ ಇನ್ನೂ ಹನ್ನೆರಡರಲ್ಲೇ ಮಿಣುಕುತ್ತಿದೆ.
ಸರಿಮಾಡುವುದು ಹೇಗೆಂದು ಮುನೀರ ಹೇಳಿದ್ದ,
ನಾನು ಆಗ ಅವನ ಬೆರಳು ನೋಡುತ್ತಿದ್ದೆ.