ಅಡಿಗಿಂತ ಉದ್ದದ ಅಡಿಪಟ್ಟಿ

ಸೋಮವಾರದೊಳಗೆ ಬೇಕಂತೆ,
ಎಂಜಿನಿಯರಿಂಗ್ ವಿಭಾಗದ ಹತ್ತು ವರ್ಷದ ಮುನ್ನೋಟ.
ಒಂದೇ ಪುಟ, ದಪ್ಪಕ್ಷರ.
ಎಂಡಿಯವರಿಗೆ ಕನ್ನಡಕ ಮರೆತು ಬರುವ ಅಭ್ಯಾಸ.

ಮಾಚೇನಹಳ್ಳಿಯ ಶೆಡ್ಡಿನ ಮೇಲೆ, ನನ್ನ ಗಾಜಿನ ಗೂಡಿನಲ್ಲಿ
ಶುಕ್ರವಾರವಿಡೀ ಕೂತು ಬರೆದೆ:
ವಿಶ್ವದರ್ಜೆ. ಅತ್ಯಾಧುನಿಕ. ಮುಂಚೂಣಿ.
ಅಳಿಸಿದೆ.
ಅಚ್ಚಿನೊಳಗೆ ಸಿಕ್ಕಿಕೊಂಡ ಗಾಳಿಯಂಥ ಪದಗಳು,
ಹೊರಮೈ ನುಣ್ಣಗೆ,
ಕೊರೆಯಲು ಹೋದಾಗಲೇ ತೂತು ಕಾಣುವುದು.

ಕೆಳಗಿಳಿದೆ.
ಮೊದಲ ಪಾಳಿಯ ಬಸ್ಸು ಭದ್ರಾವತಿ ಕಡೆ ತಿರುಗಿ ಆಗಿತ್ತು.
ಪ್ಯಾಟರ್ನ್ ಶಾಪಿನಲ್ಲಿ ಜಬೀವುಲ್ಲಾ ಮೇಸ್ತ್ರಿ
ತೇಗದ ಪಂಪಿನ ಹೊಟ್ಟೆಗೆ ಉಪ್ಪುಕಾಗದ ತಿಕ್ಕುತ್ತಿದ್ದರು.
"ಹತ್ತು ವರ್ಷಕ್ಕೆ ನಾವು ಎಲ್ಲಿರಬೇಕು, ಮೇಸ್ತ್ರಿ?"
"ನಾನಾ? ರಿಟೈರಾಗಿ ಏಳು ವರ್ಷ ಆಗಿರುತ್ತೆ ಮೇಡಂ.
ಆ ಪಟ್ಟಿ ಸ್ವಲ್ಪ ಇತ್ಲಾಗೆ ಕೊಡಿ."

ಹಿತ್ತಾಳೆ ಅಂಚಿನ ಹಳೆಯ ಅಡಿಪಟ್ಟಿ.
ನನ್ನ ಜೇಬಿನ ಸ್ಟೀಲ್ ಪಟ್ಟಿಯ ಪಕ್ಕ ಇಟ್ಟು ನೋಡಿದೆ,
ಎಣಿಸಿದರೆ ಹನ್ನೆರಡೇ ಇಂಚು,
ಆದರೂ ಒಂದು ನೂಲು ಉದ್ದ.
ಓದಿದ್ದೆ ಇದನ್ನ, ಎರಡು ಅಂಕಕ್ಕೆ ಬರೆದೂ ಇದ್ದೆ,
ಕೈಯಲ್ಲಿ ಹಿಡಿದು ಎಷ್ಟು ವರ್ಷವಾಯಿತೋ.

"ಬೀಡಿಗೆ ಅಡಿಗೊಂದು ನೂಲು, ಉಕ್ಕಿಗೆ ಎರಡು.
ಆರುವಾಗ ಕುಗ್ಗುತ್ತಲ್ಲ,
ಅದಕ್ಕೇ ಈ ಪಟ್ಟಿ ಮೊದಲೇ ಸುಳ್ಳು ಹೇಳಿಬಿಡುತ್ತೆ.
ಇದು ಸುಳ್ಳು ಹೇಳಿದ್ರೇನೇ ಮಾಲು ನಿಜ ಆಗೋದು."

ಮುನ್ನೋಟವೂ ಹೀಗೆಯೇ ಏನೋ.
ಬಿಸಿ ಬಿಸಿ ಸುರಿದದ್ದು
ಬಜೆಟ್ಟಿಗೆ ತಾಗಿ, ಬಿಟ್ಟುಹೋಗುವ ಟ್ರೈನಿಗಳಿಗೆ ತಾಗಿ,
ಕರೆಂಟಿಲ್ಲದ ಮಧ್ಯಾಹ್ನಗಳಿಗೆ ತಾಗಿ
ಆರುತ್ತಾ ಆರುತ್ತಾ ಕುಗ್ಗುವುದು.
ಹಾಗಾದರೆ ಮನುಷ್ಯರಿಗೆ ಅಡಿಗೆಷ್ಟು ನೂಲು?
ಕೇಳಲಿಲ್ಲ. ಮೇಸ್ತ್ರಿಗೆ ಉಪಮೆಗಳೆಂದರೆ ಆಗದು.

ಅಂಟು ತೆಗೆಯಲು ಅವರು ಬೀರು ತೆರೆದರು.
ಬಾಗಿಲಿನ ಒಳಮೈ ತುಂಬ ಪೆನ್ಸಿಲ್ಲು,
ಮೂರು ನಾಲ್ಕು ಜನರ ಕೈಬರಹ:
ಜುಲೈಯಲ್ಲಿ ಮರ ಉಬ್ಬುತ್ತೆ, ಅಳತೆ ನಂಬಬೇಡ.
ಹುಬ್ಬಳ್ಳಿ ಪಾರ್ಟಿ ಫ್ಲೇಂಜು, ಫೋನ್ ಮಾಡಿ ಕೇಳಿಯೇ ಮಾಡು.
೪೧೭: ಡ್ರಾಯಿಂಗ್ ತಪ್ಪು, ಆರಲ್ಲ, ಎಂಟು ಬಿಡು.
ಮಧ್ಯದ ಓರೆ ಅಕ್ಷರ ಹಾಲೇಶಪ್ಪನದು.
ಅವನು ತೀರಿಕೊಂಡು ಹನ್ನೊಂದು ವರ್ಷ.

೪೧೭ರ ಕೆಳಗೆ ನನ್ನ ಸಹಿ ಇದೆ.
"ಯಾಕೆ ಹೇಳಲಿಲ್ಲ?"
"ಹೇಳಿದ್ವಿ ಮೇಡಂ. ಫಾರಂ ತುಂಬಿ ಕೊಡಿ ಅಂದ್ರಿ."

ಉಪ್ಪುಕಾಗದದ ಸದ್ದು ಮತ್ತೆ ಶುರುವಾಯಿತು.
ಮೂಲೆಯಲ್ಲಿ ರಿಪ್ಪನ್‌ಪೇಟೆಯ ಸಿಂಚನಾ,
ಸೇರಿ ಎಂಟು ತಿಂಗಳು,
ಮೊಬೈಲು ಮುಂದೆ ಹಿಡಿದಳು: ಅದೇ ಬಾಗಿಲು, ಒಂಬತ್ತು ಫೋಟೊ.
"ಸರ್ವರಿನಲ್ಲಿ ಹುಡುಕೋ ಮೊದಲು ಇದನ್ನ ನೋಡ್ತೀನಿ."
ತಪ್ಪು ಮಾಡಿದವಳಂತೆ ಹೇಳಿದಳು.

ಭಾನುವಾರ ತಿರುಪುಗಳನ್ನು ನಾನೇ ಬಿಚ್ಚಿದೆ.
ಸೋಮವಾರ ವಿನೋಬನಗರದ ಆಫೀಸಿನ ಲಿಫ್ಟಿಗೆ
ಬಾಗಿಲು ಹಿಡಿಸಲಿಲ್ಲ,
ಮೂವರೂ ಮೆಟ್ಟಿಲಲ್ಲಿ ಓರೆಯಾಗಿ ಹೊತ್ತೆವು.
ಲೆಕ್ಕಪತ್ರದವರು ಸಾಮಾನು ಶಿಫ್ಟಿಂಗು ಎಂದುಕೊಂಡರು.

ಎಂಡಿಯವರು ಕನ್ನಡಕ ಮರೆತು ಬಂದಿದ್ದರು.
ಹಾಗಾಗಿ ಮೇಸ್ತ್ರಿಯೇ ಓದಿದರು, ಬೆರಳಿಟ್ಟು,
ಮೇಲಿನಿಂದ ಕೆಳಗಿನವರೆಗೆ,
ಹಾಲೇಶಪ್ಪನ ಸಾಲು ಬಂದಾಗ ಅವನದೇ ಗಡಸು ದನಿಯಲ್ಲಿ.
ಇಪ್ಪತ್ತು ನಿಮಿಷ. ಯಾರೂ ಫೋನ್ ನೋಡಲಿಲ್ಲ,
ಅಥವಾ ನೋಡಿದ್ದನ್ನು ನಾನು ನೋಡಲಿಲ್ಲ.

ನನ್ನ ಪುಟದಲ್ಲಿ ಇದ್ದದ್ದು ಇಷ್ಟೇ:
ಈ ಬಾಗಿಲಿಗೆ ಗೊತ್ತಿರುವುದು ಡ್ರಾಯಿಂಗಿಗೂ ಗೊತ್ತಾಗಬೇಕು.
ತಪ್ಪು ಕಂಡವನು ಅಂದೇ ತಿದ್ದುವಂತಿರಬೇಕು,
ಸಹಿ ಯಾರದೇ ಇರಲಿ.

"ಇಷ್ಟಕ್ಕೆ ಹತ್ತು ವರ್ಷವಾ?"
"ಹೌದು ಸರ್."
"ಜನ ಎಷ್ಟು ಬೇಕು?"
ಆರು ಅಂದೆ. ಐದು ಸಾಕಿತ್ತು,
ಒಂದು ನೂಲು ಸೇರಿಸಿದ್ದೆ.
ಅವರು ಕಿಟಕಿಯಾಚೆ ನೋಡಿ, ನಾಲ್ಕು ಅಂದರು.

ಉಕ್ಕಿನ ಲೆಕ್ಕ ಹಿಡಿಯಬೇಕಿತ್ತು.

ಇಳಿಯುವಾಗ ಮೇಸ್ತ್ರಿ ಹಿಂದಿನಿಂದ,
"ಸಂಜೆಯೊಳಗೆ ಬಾಗಿಲು ವಾಪಸ್ ಹಾಕ್ಬೇಕು ಮೇಡಂ,
ಬೀರಿಗೆ ಇಲಿ ಹೋಗುತ್ತೆ."