ಐಸ್ ಪ್ಲಾಂಟಿನ ಲೆಕ್ಕ

ಜೂನ್ ಹದಿನೈದು. ಮಲ್ಪೆಯ ಧಕ್ಕೆಯಲ್ಲಿ
ಬೋಟುಗಳು ಪಕ್ಕೆಗೆ ಪಕ್ಕೆ ಒತ್ತಿ ನಿಂತಿವೆ.
ಐಸಿಗೆ ಗಿರಾಕಿಯಿಲ್ಲ.
ಕಂಪ್ರೆಸರ್ ಬಾಯಿ ಮುಚ್ಚಿದ ಮೇಲೆಯೇ ಗೊತ್ತಾದದ್ದು
ಆಫೀಸಿನ ಕಂಪ್ಯೂಟರ್ ಇಷ್ಟು ಗೊರಕೆ ಹೊಡೆಯುತ್ತದೆಂದು.

ಹನ್ನೊಂದು ವರ್ಷದ್ದು. ಉಪ್ಪುಗಾಳಿಗೆ ಸ್ಕ್ರೂಗಳು
ಡಬ್ಬಕ್ಕೇ ಬೆಸೆದುಕೊಂಡಿವೆ.
ಒಂದು ಫೈಲ್ ತೆರೆಯುವಷ್ಟರಲ್ಲಿ
ಲೋಟದ ಐಸು ನೀರಾಗಿರುತ್ತದೆ;
ಪರೀಕ್ಷಿಸಿದ್ದೇನೆ, ಸುಳ್ಳಲ್ಲ.

ಫಿಶ್ ಫೈಂಡರ್ ರಿಪೇರಿಯ ಝುಬೈರ್ ಪೆನ್ ಡ್ರೈವ್ ಕೊಟ್ಟ.
"ಲಿನಕ್ಸ್. ಈಗಲೇ ಹಾಕ್ಬೇಡ, ಸುಮ್ಮನೆ ನೋಡು,
ದಡದಲ್ಲಿ ಕಾಲು ಒದ್ದೆ ಮಾಡಿದ ಹಾಗೆ."

ಮೂರು ದಿನ ಕಾಲು ಒದ್ದೆ ಮಾಡಿದೆ.
ಹಗಲಿಡೀ ಜೋಡಿಸಿಟ್ಟದ್ದು
ಸಂಜೆ ಆಫ್ ಮಾಡಿದೊಡನೆ ಅಲೆ ಬಂದು ಒರೆಸಿದಂತೆ.
ಮರುದಿನ ಮತ್ತೆ 'ಸ್ವಾಗತ',
ಮುಖಪರಿಚಯವೇ ಇಲ್ಲದವರ ಹಾಗೆ.
ನಾಲ್ಕನೆಯ ದಿನ ರೇಗಿತು,
ಇನ್‌ಸ್ಟಾಲ್ ಒತ್ತಿದೆ.

ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?

ಮಳೆಗೆ ಬಲೆ ಬಿಟ್ಟು ಒಳಗೆ ಬಂದು ಕೂತಿದ್ದ
ಗೋಪ ಕರ್ಕೇರರು ಕುತ್ತಿಗೆ ಚಾಚಿದರು.
"ಎಲ್ಲ ಅಂದ್ರೆ ಎಲ್ಲವಾ ಮಾರಾಯ? ನನ್ನ ಬಾಕಿಯೂ?"
"ಕಾಪಿ ಮಾಡಿಟ್ಟಿದ್ದೇನೆ."
"ಛೆ," ಅಂದರು. ಬೀಡಿ ಹುಡುಕಿದರು.

ನಲ್ವತ್ತು ನಿಮಿಷ. ಎರಡು ಸಲ ಕರೆಂಟು ಮಿಣುಕಿತು,
ಯುಪಿಎಸ್ ಕಿರುಚಿತು,
ಕರ್ಕೇರರು ಕಿಟಕಿಯತ್ತ ತಿರುಗಿ ಕೈಮುಗಿದರು.
ಹೋಗಲಿ ಎಂದೋ, ಉಳಿಯಲಿ ಎಂದೋ
ನಾನು ಕೇಳಲಿಲ್ಲ.

ಎದ್ದಿತು ಪರದೆ. ಹಗುರ. ಗೊರಕೆಯಿಲ್ಲ.
ಮೂಲೆಯಲ್ಲೊಂದು ಪೆಂಗ್ವಿನ್.
"ಇದ್ಯಾರು, ಐಸಿಗೆ ಬಂದವನಾ?"
ಬಾಕಿಯ ಫೈಲ್ ತೆರೆದೆ. ಅಂಕೆಗಳೆಲ್ಲ ಸರಿ.
ಹೆಸರಿದ್ದಲ್ಲಿ ಮಾತ್ರ, ಹಳೆಯ ಫಾಂಟ್ ಇಲ್ಲದೆ,
ಕೊಂಬು, ಬಾಲ, ತಲೆಕೆಳಗಾದ ಪ್ರಶ್ನೆಚಿಹ್ನೆ.
ಅರವತ್ತೆರಡು ಬೋಟು, ಒಂದರದ್ದೂ ಗುರುತಿಲ್ಲ.
ಯಾರದೋ ಹದಿನೆಂಟು ಸಾವಿರ.
ಯಾರದೋ ಮೂರೂವರೆ.

"ಫಾಂಟ್ ಉಂಟು ನನ್ನಲ್ಲಿ," ಫೋನಿನಲ್ಲಿ ಝುಬೈರ್, "ನಾಳೆ ತರ್ತೇನೆ."
ನಾಳೆಯವರೆಗೆ ಈ ಧಕ್ಕೆಯಲ್ಲಿ
ಯಾರೂ ನಮಗೆ ಏನೂ ಕೊಡಬೇಕಾಗಿಲ್ಲ.

ಶೀಟಿನ ಮೇಲೆ ಮಳೆ ಜೋರಾಯಿತು.
ಕರ್ಕೇರರು ಕನ್ನಡಕ ಒರೆಸಿ ಹಾಕಿಕೊಂಡರು,
ಬಗ್ಗಿದರು, ಒಂದೊಂದೇ ಸಾಲು ಇಳಿದರು,
ಉಗುರಿನಿಂದ ಪರದೆ ಮುಟ್ಟಿದರು:
ನಲ್ವತ್ತೆರಡು ಸಾವಿರದ ಆರುನೂರು.

"ಇದು ನನ್ನದು," ಅಂದರು. "ಬರಿ."