ಕೈಮಡದ ಮೀಟರು

ಕಕ್ಕಬ್ಬೆಯ ಮೇಲಿನ ತಿರುವಿನಲ್ಲಿ, ಕಾಫಿ ಗಿಡಗಳ ನಡುವೆ,
ಆ ಒಕ್ಕದ ಕೈಮಡಕ್ಕೂ ಒಂದು ಮೀಟರಿದೆ.
ಹೋದವರಿಗೆಂದು ಒಂದು ಸ್ವಿಚ್ಚು, ಒಂದು ಬಲ್ಬು.
ಬಿಲ್ಲು ಇಂದಿಗೂ ಬೆಳ್ಯಪ್ಪನ ಹೆಸರಿಗೆ;
ತಾನೇ ಅರ್ಜಿ ಕೊಟ್ಟು, ತಂತಿ ಎಳೆಸಿ,
ಆರು ತಿಂಗಳಿಗೆ ಅವನೂ ಹೋದವರ ಕಡೆ ಸೇರಿದನಂತೆ.

ವರ್ಷವಿಡೀ ಸೊನ್ನೆ.
ಕಾರಣಂಗ್ ಕೊಡ್ಪ ದಿನ ಮಾತ್ರ ಒಂದೋ ಎರಡೋ ಯೂನಿಟ್ಟು.
ಅಂದು ಬಾಳೆಲೆಯಲ್ಲಿ ಪಂದಿಕರಿ, ಕಡಂಬುಟ್ಟು,
ಲೋಟದ ತಳದಲ್ಲಿ ಸಾರಾಯಿ.
ಉಂಡವರು ಯಾರು, ಮೀಟರು ಬರೆದುಕೊಳ್ಳುವುದಿಲ್ಲ.

ಸೊನ್ನೆಗೂ ನಿಗದಿತ ಶುಲ್ಕ ಉಂಟು.
'ಸತ್ತವರಿಗೂ ಬಾಡಿಗೆಯಾ ಮಗಳೇ?'
ಬಿಸ್ಕತ್ತಿನ ಡಬ್ಬಿಯಿಂದ ನೋಟು ಬಿಡಿಸುತ್ತಾರೆ ಮುದ್ದವ್ವ.
ಅವರಿಗಲ್ಲ, ತಂತಿಗೆ, ಎನ್ನುತ್ತೇನೆ.
ಕರೆಯಲಿ ಬಿಡಲಿ, ಬಾಗಿಲವರೆಗೆ ಬಂದು
ಕಾದು ನಿಂತಿದೆಯಲ್ಲ, ಅದಕ್ಕೆ.

ನನ್ನದು ಅನುಕಂಪದ ನೌಕರಿ.
ಐಗೂರಿನಲ್ಲಿ ಅಪ್ಪ ಕಂಬ ಹತ್ತಿದ್ದ.
ಲೈನು ಆಫ್ ಅಂದಿದ್ದರಂತೆ. ಆಗಿರಲಿಲ್ಲ.
ಹನ್ನೊಂದು ಸಾವಿರ ವೋಲ್ಟು
ಅವನನ್ನು ದಾರಿ ಮಾಡಿಕೊಂಡು ನೆಲಕ್ಕೆ ಹೋಯಿತು.
ನಾಲ್ಕನೇ ತಿಂಗಳು ಆರ್ಡರು ಬಂತು:
ಅವನ ಖಾಲಿ ಜಾಗಕ್ಕೆ ನಾನು.
ಮರುಜನ್ಮದ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ,
ಮೂರು ಪ್ರತಿ, ಒಂದು ಮೊಹರು,
ಮರಣಪತ್ರದ ನಕಲು ಲಗತ್ತಿಸಿದೆ.

ಶಕ್ತಿಯನ್ನು ಹುಟ್ಟಿಸಲಾಗದು, ನಾಶ ಮಾಡಲಾಗದು:
ಮಾದಾಪುರದ ಹೈಸ್ಕೂಲಿನಲ್ಲಿ ಬರೆದು
ಎರಡಕ್ಕೆ ಎರಡು ಅಂಕ ತಂದಿದ್ದೆ.
ಅಪ್ಪ ಬೀಡಿ ಕಚ್ಚಿಕೊಂಡೇ ನಕ್ಕಿದ್ದ.
'ಸಾಯೋದಿಲ್ಲ, ಸರಿ. ಕೈಗೂ ಸಿಗೋದಿಲ್ಲ.
ಕುಶಾಲನಗರದಲ್ಲಿ ಹೊರಟದ್ದೆಲ್ಲ ಐಗೂರು ಮುಟ್ಟುತ್ತಾ?
ದಾರಿಯಲ್ಲೇ ತಂತಿ ಬಿಸಿಯಾಗಿ ಗಾಳಿಗೆ ಹೋಗುತ್ತೆ.
ಆ ಬಿಸಿಗೇ ಡಿಸೆಂಬರಿನಲ್ಲಿ ಹಕ್ಕಿ ಬಂದು ಕೂರೋದು.'
ನಿಜವೋ, ಅವನು ಕಟ್ಟಿದ್ದೋ,
ಈಗ ಎಂಜಿನಿಯರುಗಳ ನಡುವೆಯೇ ಇದ್ದೇನೆ,
ಒಬ್ಬರನ್ನೂ ಕೇಳಿಲ್ಲ.

ಅರ್ತಿಂಗ್ ಗುಂಡಿ ತುಂಬುವುದನ್ನು ಕಲಿಸಿದ್ದೂ ಅವನೇ.
ಒಂದು ಪದರ ಉಪ್ಪು, ಒಂದು ಪದರ ಇದ್ದಿಲು,
ಬೇಸಿಗೆಯಲ್ಲಿ ತಪ್ಪದೆ ನೀರು.
ಒಣಗಿದ ನೆಲ ಏನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.
ಅವನನ್ನು ಇಟ್ಟಾಗ ಯಾರೋ ಒಂದು ಮೂಟೆ ಉಪ್ಪು ತಂದಿದ್ದರು,
ಸುರಿಯುವುದನ್ನು ನಾನು ಅಳತೆಯ ಕಣ್ಣಿನಿಂದಲೇ ನೋಡಿದೆ.
ಮಾರ್ಚಿ ಬಂತೆಂದರೆ ಅಲ್ಲಿಗೆ ಒಂದು ಕೊಡ ಹೊರುತ್ತೇನೆ.
ಅಮ್ಮ ಅದನ್ನು ಭಕ್ತಿ ಅಂದುಕೊಂಡಿದ್ದಾಳೆ.

ಹೋದದ್ದು ವಾಪಸು ಬರುತ್ತದೆಯೇ?
ನೆಲ ಈವರೆಗೆ ಯಾರಿಗೂ ರಸೀತಿ ಕೊಟ್ಟಿಲ್ಲ.

ಈ ತಿಂಗಳು ಕೈಮಡದ ಮೀಟರು
ಒಂದು ಯೂನಿಟ್ಟು ಮುಂದಿತ್ತು.
ಕಾರಣಂಗ್ ಕೊಡ್ಪಕ್ಕೆ ಇನ್ನೂ ದಿನವಿದೆ,
ಬಾಗಿಲ ಬೀಗಕ್ಕೆ ಜೇಡ ಬಲೆ ನೇಯ್ದಿದೆ.
ಹಳೇ ಚಕ್ರದ ಮೀಟರುಗಳು ಹೀಗೆ,
ಹೊರೆ ಇಲ್ಲದೆಯೂ ಒಮ್ಮೊಮ್ಮೆ ತೆವಳುತ್ತವೆ.
ದೂರು ಬರೆದರೆ ಬದಲಿಸುತ್ತಾರೆ, ಅದಕ್ಕೊಂದು ಕಾಲಂ ಇದೆ.

ಮುದ್ದವ್ವ ಕನ್ನಡಕ ಹುಡುಕಿ ಚೀಟಿ ಹಿಡಿದರು.
'ಒಂದಾ?' ಎಂದರು.
ಸ್ವಲ್ಪ ಹೊತ್ತು ಬಿಟ್ಟು, 'ಒಂದೇ?'

ದೂರಿನ ಕಾಲಂ ಖಾಲಿ ಬಿಟ್ಟೆ.
ಅವರು ಡಬ್ಬಿ ತೆರೆದು ಚಿಲ್ಲರೆ ಎಣಿಸಿದರು,
ಎರಡು ರೂಪಾಯಿ ಹೆಚ್ಚಾಯಿತು.
ಇರಲಿ, ಅಂದರು.